ಹದಿನಾರು ಆನೆಗಳ ಹುತ್ತರಿ

ಒಂದು ಹುತ್ತರಿಯ ಸಂಜೆ ನಮ್ಮ ಊರಿನಲ್ಲಿ ಹದಿನಾರು ಆನೆಗಳಿದ್ದವು. ಅದರಲ್ಲಿ ಹನ್ನೆರಡು ನನ್ನವು. ನಾಲ್ಕು ಮಾತ್ರ ಕಾಡಿನಿಂದ ನಡೆದು ಬಂದಿದ್ದವು. ನನ್ನ ಹನ್ನೆರಡು ಎಸ್ಟೇಟ್ ಆಫೀಸಿನ ಕಂಪ್ಯೂಟರಿನಲ್ಲಿ ಹುಟ್ಟಿ, ಅಲ್ಲಿಂದ ನೇರವಾಗಿ ಊರವರ ಫೋನುಗಳಿಗೆ ನುಗ್ಗಿದವು. ಈಗಲೂ ನಾಪೋಕ್ಲು ಬಸ್ಸಿನಲ್ಲಿ ನನ್ನನ್ನು ಕಂಡರೆ ಯಾರಾದರೊಬ್ಬರು, "ಏನ್ ರೈಟ್ರೇ, ನಿಮ್ಮ ಆನೆಗಳೆಲ್ಲ ಹುಷಾರಾಗಿವೆಯಾ?" ಎಂದು ಕೇಳದೆ ಬಿಡುವುದಿಲ್ಲ. ಕೇಳಲಿ. ನಾನು ಕಿಟಕಿಯಾಚೆ ನೋಡುತ್ತ ಕೂರುತ್ತೇನೆ. ಮೈಯೆಲ್ಲ ಉರಿಯುತ್ತದೆ, ಅದು ಬೇರೆ ಮಾತು.

ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಗೊಬ್ಬರದ ಮೂಟೆ, ಪಿಕ್ಕಿಂಗಿನ ತೂಕ ಎಲ್ಲ ಬರೆದಿಡುವವರಿಗೆ ನಮ್ಮಲ್ಲಿ ರೈಟರ್ ಎನ್ನುತ್ತಾರೆ. ನಾನು ಅಂಥ ರೈಟರ್. ನನಗೆ ಸಿಟ್ಟು ಜಾಸ್ತಿ ಎಂದು ಆಳುಗಳ ಲೈನ್ ಮನೆಗಳಲ್ಲಿ ಆಡಿಕೊಳ್ಳುತ್ತಾರಂತೆ. ಸುಳ್ಳು. ಸಿಟ್ಟು ಎಲ್ಲರಿಗೂ ಇರುವಷ್ಟೇ ಇದೆ, ನನಗೆ ಸ್ವಲ್ಪ ಬೇಗ ಬರುತ್ತದೆ, ಅಷ್ಟೇ.

ಮೊದಲು ಚಿಕ್ಕಮ್ಮನ ವಿಷಯ ಹೇಳಬೇಕು. ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಚಿಕ್ಕಪ್ಪ ಹೋದ ಮೇಲೆ ನಾನು ಅವಳ ಜೊತೆಗೇ ಇದ್ದೇನೆ, ಅಥವಾ ಅವಳು ನನ್ನನ್ನು ಇಟ್ಟುಕೊಂಡಿದ್ದಾಳೆ. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದೇವೆ ಎಂಬ ವಿಷಯದಲ್ಲಿ ನಮ್ಮಿಬ್ಬರಿಗೆ ದಿನಾ ಜಗಳ. ನಮ್ಮ ಮನೆಯ ಕೆಳಗಿನ ತಗ್ಗಿನಲ್ಲಿ ಒಂದು ಕಾಲಕ್ಕೆ ಈ ಕಡೆಯಿಂದ ಆ ಕಡೆಗೂ ಭತ್ತವೇ. ಈಗ ಒಬ್ಬರದು ಅಡಿಕೆ, ಒಬ್ಬರದು ಬಾಳೆ, ಒಬ್ಬರು ಮೀನಿನ ಹೊಂಡ ತೋಡಿಸಿದ್ದಾರೆ, ಇನ್ನೊಬ್ಬರು ಹೋಂಸ್ಟೇಗೆ ಬರುವವರಿಗೆ ವಾಲಿಬಾಲ್ ಆಡಲು ನೆಟ್ಟು ಕಟ್ಟಿಸಿದ್ದಾರೆ. ಭತ್ತ ಉಳಿದಿರುವುದು ಒಂದೇ ಕಡೆ, ಚಿಕ್ಕಮ್ಮನ ಗದ್ದೆಯಲ್ಲಿ. ಅದಕ್ಕೆ ಊರವರು ಕೆಳಗದ್ದೆ ಎನ್ನುತ್ತಾರೆ.

ಗದ್ದೆ ಇಟ್ಟುಕೊಂಡಿದ್ದೇ ಹುತ್ತರಿಗೆ. ಹುತ್ತರಿ ಎಂದರೆ ಹೊಸ ಭತ್ತದ ಕದಿರನ್ನು ಮನೆ ತುಂಬಿಸಿಕೊಳ್ಳುವ ಹಬ್ಬ. ಕತ್ತಲಾದ ಮೇಲೆ ಗಳಿಗೆ ನೋಡಿ ಎಲ್ಲರೂ ದೀಪ ಹಿಡಿದು ಗದ್ದೆಗೆ ಇಳಿಯಬೇಕು, ಪೈರಿಗೆ ಹಾಲು ಜೇನು ಎರೆಯಬೇಕು, ಕೋವಿಯಿಂದ ಆಕಾಶಕ್ಕೆ ಒಂದು ಗುಂಡು ಹಾರಿಸಿ "ಪೊಲಿ ಪೊಲಿ ದೇವಾ" ಎಂದು, ಅಂದರೆ ಬೆಳೆ ಹೆಚ್ಚಲಿ ದೇವರೇ ಎಂದು, ಕೂಗುತ್ತ ಕದಿರು ಕೊಯ್ಯಬೇಕು. ಸ್ವಂತ ಗದ್ದೆ ಇಲ್ಲದವರು ಇದ್ದವರ ಗದ್ದೆಗೆ ಬಂದು ಒಂದು ಹಿಡಿ ಕೊಯ್ದುಕೊಂಡು ಹೋಗುವುದು ವಾಡಿಕೆ. ಹಾಗಾಗಿ ಊರೆಲ್ಲ ಗದ್ದೆ ಬಿಟ್ಟ ಮೇಲೂ ಊರೆಲ್ಲ ಚಿಕ್ಕಮ್ಮನ ಗದ್ದೆಗೆ ಬರುತ್ತಿತ್ತು. ಅವತ್ತೊಂದು ದಿನ ಅವಳು ನಡೆಯುವ ಗತ್ತೇ ಬೇರೆ.

ಆಮೇಲೆ ಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ಕದಿರನ್ನು ಕಟ್ಟು ಮಾಡಿ ಕೊಡಲು ಶುರುಮಾಡಿದರು. ಕಾರಿನಲ್ಲಿ ಹೋಗುವುದು, ಲೈಟಿನ ಕೆಳಗೆ ಫೋಟೋ ತೆಗೆಸಿಕೊಳ್ಳುವುದು, ಕಾಲಿಗೆ ಕೆಸರಾಗದೆ ಕದಿರು ತರುವುದು. ಒಬ್ಬರು ಹೋದರು, ಇಬ್ಬರು ಹೋದರು, ನೋಡುನೋಡುತ್ತ ಎಲ್ಲರೂ ಹೋದರು. ಹದಿನಾರು ಆನೆಗಳ ಹುತ್ತರಿಗೆ ಹಿಂದಿನ ವರ್ಷ ಕೆಳಗದ್ದೆಯಲ್ಲಿ ಇದ್ದದ್ದು ಚಿಕ್ಕಮ್ಮ, ನಾನು, ಕೋವಿ ಹಿಡಿದ ಸುಬೇದಾರ್ ಮಾವ, ಮತ್ತೆ ಅವರ ನಾಯಿ. ಚಿಕ್ಕಮ್ಮ ಮಾತ್ರ ಊರಿಗೆಲ್ಲ ಆಗುವಷ್ಟು ತಂಬಿಟ್ಟು ಕಲಸಿದ್ದಳು. ಬಾಳೆಹಣ್ಣು, ಹುರಿದ ಅಕ್ಕಿ ಹಿಟ್ಟು, ಮೇಲೆ ತುಪ್ಪ. ಅದನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ತಿಂದು ತಿಂದು ನನಗೆ ಬಾಳೆಗೊನೆ ಕಂಡರೆ ಓಡಿಹೋಗುವ ಹಾಗಾಗಿತ್ತು.

ಮರುವರ್ಷ ಶುಂಠಿಯವನು ಬಂದ. ಗಡಿಯಾಚೆಯವನು, ಒಳ್ಳೆಯ ಮಾತಿನವನು, ಖಾಲಿ ಗದ್ದೆ ಎಲ್ಲಿದೆ ಎಂದು ಮೂಗಿನಲ್ಲೇ ಕಂಡುಹಿಡಿಯುವವನು. ಕೆಳಗದ್ದೆಯನ್ನು ಗುತ್ತಿಗೆಗೆ ಕೊಡಿ ಎಂದ. ಶುಂಠಿ ಹಾಕಿದರೆ ಗದ್ದೆಯ ಬದು ಹೋಗುತ್ತದೆ, ಉದ್ದಕ್ಕೆ ಕಾಲುವೆ ತೋಡುತ್ತಾರೆ, ಮತ್ತೆ ಅಲ್ಲಿ ಭತ್ತ ನಿಲ್ಲಿಸುವ ಮಾತು ಮರೆತುಬಿಡಬೇಕು. ಅದು ಗೊತ್ತಿದ್ದೂ ಚಿಕ್ಕಮ್ಮ ಅವನನ್ನು ಓಡಿಸಲಿಲ್ಲ. "ಹುತ್ತರಿ ಕಳೀಲಿ, ಜನ ಬರ್ತಾರಾ ನೋಡ್ತೇನೆ. ಮಾರನೇ ದಿನ ಬಾ, ಹೇಳ್ತೇನೆ" ಎಂದಳು.

ಅವನು ಹೋದ ಮೇಲೆ ನಾನು ಹಾರಾಡಿದೆ. "ನಿಂಗೆ ತಲೆ ಕೆಟ್ಟಿದ್ಯಾ ಚಿಕ್ಕಮ್ಮ?"

"ನೋಡು ಮಗ," ಎಂದಳು, "ಈ ಸಲವೂ ಯಾರೂ ಗದ್ದೆಗೆ ಇಳಿಲಿಲ್ಲ ಅಂದ್ರೆ ಕೊಟ್ಟುಬಿಡ್ತೇನೆ. ದೇವರಿಗೊಂದು ಕದಿರು, ನಂಗೊಂದು ಕದಿರು ಅಂತ ಅಷ್ಟಗಲ ಗದ್ದೆ ಮಾಡ್ಲಿಕ್ಕೆ ಆಗುದಿಲ್ಲ. ಸುಬೇದಾರನ ನಾಯಿಗೆ ಕದಿರು ಬೇಕಾಗಿಲ್ಲ."

ಅವಳು ಅಷ್ಟು ಸಮಾಧಾನದಲ್ಲಿ ಮಾತಾಡಿದರೆ ನನಗೆ ಭಯ. ಬೈದಿದ್ದರೆ ಎದುರಾಡಬಹುದಿತ್ತು. ನಾನು ಚಿಕ್ಕವಳಿದ್ದಾಗ ಈಜಲು ಕಲಿತದ್ದು ಆ ಗದ್ದೆಯ ಪಕ್ಕ ಹರಿಯುವ ತೋಡಿನಲ್ಲಿ, ಬಿದ್ದು ಹಲ್ಲು ಮುರಿದುಕೊಂಡದ್ದು ಆ ಬದುವಿನ ಮೇಲೆ. ಅಲ್ಲಿ ಶುಂಠಿ ಬೆಳೆಯುವುದೇ?

ಇನ್ನು ಆನೆ. ಮೈಸೂರಿನ ಕಡೆಯ ಒಂದು ತಂಡ ಬಂದು ನಮ್ಮೆಲ್ಲರ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿತ್ತು. ಆನೆ ಕಂಡವರು ಯಾವ ಆನೆ, ಯಾವ ಜಾಗ ಎಂದು ಒತ್ತಿದರೆ ಊರಿಗೆಲ್ಲ ಮೆಸೇಜು ಹೋಗಬೇಕು, ಜನ ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯಬೇಕು. ಮೀಟಿಂಗು ಮಾಡಿದರು, ಬಿಸ್ಕತ್ತು ಕೊಟ್ಟರು, ಫೋಟೋ ತೆಗೆದರು, ಹೋದರು. ಸ್ವಲ್ಪ ದಿನಕ್ಕೇ ಮೆಸೇಜು ಕಳಿಸುವ ಭಾಗ ನಿಂತುಹೋಯಿತು. ಉಳಿದದ್ದು ಒಂದು ಫೈಲು ಮಾತ್ರ. ಯಾರು ಏನು ಒತ್ತಿದರೂ ಅದು ನನ್ನ ಆಫೀಸಿನ ಕಂಪ್ಯೂಟರಿಗೆ ಬಂದು ಬೀಳುತ್ತಿತ್ತು. ಅದಕ್ಕೆ ಜೇಸನ್ ಫೈಲು ಎನ್ನುತ್ತಾರೆ.

ಮೊದಲ ಸಲ ಅದನ್ನು ತೆರೆದು ನೋಡಿ ಕಂಪ್ಯೂಟರನ್ನೇ ಬೈದೆ. ಬಾಗಿದ ಬ್ರಾಕೆಟ್ಟಿನೊಳಗೆ ಚೌಕ ಬ್ರಾಕೆಟ್ಟು, ಅದರೊಳಗೆ ಮತ್ತೆ ಬಾಗಿದ್ದು, ನಡುನಡುವೆ ಕಾಮಾ, ಎಲ್ಲೆಲ್ಲೂ ಉದ್ಧರಣ ಚಿಹ್ನೆ. ಆನೆಯ ಹೆಸರು ಅದರೊಳಗೆ ಎಲ್ಲೋ ಮುಳುಗಿಹೋಗಿತ್ತು. ನೋಡುತ್ತ ನೋಡುತ್ತ ಗೊತ್ತಾಯಿತು, ಇದು ಮದುವೆ ಮನೆಯ ಉಗ್ರಾಣದ ಹಾಗೆ. ಪೆಟ್ಟಿಗೆಯೊಳಗೆ ಡಬ್ಬಿ, ಡಬ್ಬಿಯೊಳಗೆ ಪೊಟ್ಟಣ, ಪ್ರತಿಯೊಂದಕ್ಕೂ ಒಂದು ಚೀಟಿ. ಉಗ್ರಾಣದವನಿಗೆ ಯಾವ ಪೆಟ್ಟಿಗೆ, ಯಾವ ಡಬ್ಬಿ ಎಂದು ಹೇಳಿದರೆ ತಂದುಕೊಡುತ್ತಾನೆ. ಸುಮ್ಮನೆ "ಏಲಕ್ಕಿ ಕೊಡಿ" ಎಂದು ಬಾಗಿಲಲ್ಲಿ ನಿಂತು ಕೂಗಿದರೆ ಪ್ರಯೋಜನವಿಲ್ಲ.

ಈ ಉಗ್ರಾಣದವನ ಹೆಸರು ಜೆಕ್ಯೂ. ಎರಡೇ ಅಕ್ಷರದ ಪ್ರೋಗ್ರಾಮು. ಬಟನ್ನಿಲ್ಲ, ಚಿತ್ರವಿಲ್ಲ, ಕಪ್ಪು ಪರದೆಯ ಮೇಲೆ ಟೈಪು ಮಾಡಬೇಕು. ಚುಕ್ಕಿ ಇಟ್ಟು ಡಬ್ಬಿಯ ಹೆಸರು ಬರೆದರೆ ಆ ಡಬ್ಬಿ ತೆಗೆಯುತ್ತದೆ. ಮುಂದೆ ಖಾಲಿ ಚೌಕ ಬ್ರಾಕೆಟ್ಟು ಹಾಕಿದರೆ ಒಳಗಿರುವುದನ್ನು ಒಂದೊಂದಾಗಿ ಹೊರಗೆ ಇಡುತ್ತದೆ. ನಡುವೆ ಒಂದು ನೆಟ್ಟನೆಯ ಗೀಟು ಎಳೆದರೆ ತೆಗೆದದ್ದನ್ನು ಮುಂದಿನ ಕೆಲಸಕ್ಕೆ ದಾಟಿಸುತ್ತದೆ. ಅಷ್ಟು ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು. ಒಂದು ಬ್ರಾಕೆಟ್ಟು ಮರೆತರೆ ಮುಖ ಗಂಟಿಕ್ಕಿ ಕೂರುತ್ತಿತ್ತು. ನಾನೂ ಕೂರುತ್ತಿದ್ದೆ. ಕೊನೆಗೆ ನಮ್ಮಿಬ್ಬರಿಗೂ ಹೊಂದಿಕೆಯಾಯಿತು, ಯಾಕೆಂದರೆ ಸರಿಯಾಗಿ ಹೇಳದಿದ್ದರೆ ಕೆಲಸ ಮಾಡುವುದಿಲ್ಲ ಎನ್ನುವುದು ನಮ್ಮಿಬ್ಬರ ಗುಣ.

ಒಮ್ಮೆ ಊಟದ ಕ್ಯಾರಿಯರ್ ತಂದುಕೊಟ್ಟ ಚಿಕ್ಕಮ್ಮ ಪರದೆ ನೋಡಿ, "ಇದೆಂತ ಮಗ, ಟೀವಿ ಕೆಟ್ಟಿತಾ?" ಎಂದಳು.

"ಕೆಟ್ಟಿಲ್ಲ ಚಿಕ್ಕಮ್ಮ. ಈ ಡಬ್ಬಿಯಿಂದ ಆನೆ, ಈ ಡಬ್ಬಿಯಿಂದ ಜಾಗ. ಎರಡನ್ನೂ ಸೇರಿಸಿ ಒಂದು ಸಾಲು ಮಾಡುದು. ಆಮೇಲೆ ಅದಾಗಿ ಅದೇ ಊರಿಗೆಲ್ಲ ಹೋಗ್ತದೆ, ನಾನು ಮುಟ್ಟುದೂ ಬೇಡ."

"ಆನೆ ಎಲ್ಲುಂಟು ಅಂತ ಬಾಯಲ್ಲಿ ಹೇಳಿದ್ರೆ ಆಗುದಿಲ್ವಾ?" ಎಂದು ಕೇಳಿ ಹಿಂದಿನ ದಿನದ ಖಾಲಿ ಕ್ಯಾರಿಯರ್ ಎತ್ತಿಕೊಂಡು ಹೋದಳು. ಅವಳಿಗೆ ನನ್ನ ವಿದ್ಯೆಯ ಮೇಲೆ ಅಷ್ಟೇ ಗೌರವ.

ಆದರೆ ನಿಂತುಹೋಗಿದ್ದ ಮೆಸೇಜನ್ನು ಮತ್ತೆ ಹೊರಡಿಸಿದ ನನ್ನ ಈ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತಿತ್ತು. ಆನೆಗಳಿಗೆ ನಮ್ಮೂರವರು ಇಟ್ಟ ಹೆಸರುಗಳಿವೆ. ಹಿಂಡಿನ ಹಿರಿಯಳು ದೊಡ್ಡಮ್ಮ. ಎಸ್ಟೇಟಿನ ಗೇಟುಗಳನ್ನೆಲ್ಲ ಕಿತ್ತು ಹಾಕುವ ಸಲಗ ಕಂಟ್ರಾಕ್ಟರ್. ಇನ್ನೊಂದು ಮೋಟು ಬಾಲ. ಪಕ್ಕದಲ್ಲೇ ಬಂದು ನಿಂತರೂ ಗೊತ್ತಾಗದಂಥದ್ದು ಸೈಲೆಂಟ್. "ಕಂಟ್ರಾಕ್ಟರ್, ಲೈನ್ ಕೆರೆ" ಎಂದು ಮೆಸೇಜು ಬಂದರೆ ಲೈನ್ ಮನೆಯ ಹೆಂಗಸರು ಕೆರೆಯ ದಾರಿ ಬಿಟ್ಟು ಮೇಲಿನಿಂದ ಬರುತ್ತಿದ್ದರು. ಒಂದೇ ತೊಂದರೆ ಏನೆಂದರೆ ನಮ್ಮ ತಗ್ಗಿನ ಮನೆಗಳಲ್ಲಿ ನೆಟ್‌ವರ್ಕ್ ಇಲ್ಲ. ಮನೆಗಳ ಹಿಂದಿನ ಗುಡ್ಡದ ಹುಲ್ಲುಗಾವಲಿಗೆ ಬಾಣೆ ಎನ್ನುತ್ತೇವೆ. ಆ ಬಾಣೆಯ ಮೇಲೊಂದು ಬಂಡೆ. ಅದರ ಮೇಲೆ ನಿಂತರೆ ಮಾತ್ರ ಫೋನಿಗೆ ಜೀವ. ಸಂಜೆಯಾದರೆ ಊರವರೆಲ್ಲ ಅಲ್ಲಿ ಹತ್ತಿ, ಬಂದದ್ದು ನೋಡಿ, ಹೋಗಬೇಕಾದ್ದು ಕಳಿಸಿ ಇಳಿಯುತ್ತಾರೆ.

ಸುಬೇದಾರ್ ಮಾವ ನಮ್ಮ ಮುಖ್ಯ ವರದಿಗಾರರು. ಮಿಲಿಟರಿಯಲ್ಲಿದ್ದು ಬಂದವರು, ಸುಮ್ಮನೆ ಕೂರುವವರಲ್ಲ. ಆನೆ ಕಂಡಾಗೆಲ್ಲ ಬಂಡೆ ಹತ್ತಿ ಒಂದೊಂದು ವರದಿ ಒತ್ತುತ್ತಿದ್ದರು. ಹುತ್ತರಿಯ ದಿನ ಮಾತ್ರ ಅವರ ಮಂಡಿ ನೋಯುತ್ತಿತ್ತು, ಮನೆಯಲ್ಲಿ ಕೋವಿ ಒರೆಸುವ ಕೆಲಸವೂ ಇತ್ತು. ಮಧ್ಯಾಹ್ನ ಒಂದು ಸುತ್ತು ಹೊಡೆದು, ಒಮ್ಮೆಯೇ ಬಂಡೆ ಹತ್ತಿ, ಕಂಡದ್ದನ್ನೆಲ್ಲ ಒಂದೇ ವರದಿಯಲ್ಲಿ ತುಂಬಿ ಕಳಿಸಿಬಿಟ್ಟರು. ಆನೆಯ ಡಬ್ಬಿಯಲ್ಲಿ ನಾಲ್ಕು ಹೆಸರು, ಜಾಗದ ಡಬ್ಬಿಯಲ್ಲಿ ನಾಲ್ಕು ಹೆಸರು.

ಜೆಕ್ಯೂಗೆ ಒಂದು ಸ್ವಭಾವವಿದೆ. ಒಂದು ಸಾಲಿನಲ್ಲಿ ಎರಡು ಕಡೆ ಆ ಖಾಲಿ ಚೌಕ ಬ್ರಾಕೆಟ್ಟು ಹಾಕಿದರೆ, ಈ ಡಬ್ಬಿಯ ಪ್ರತಿಯೊಂದನ್ನೂ ಆ ಡಬ್ಬಿಯ ಪ್ರತಿಯೊಂದಕ್ಕೂ ಜೋಡಿಸುತ್ತದೆ. ಒಂದು ಆನೆ, ಒಂದು ಜಾಗ ಇರುವವರೆಗೆ ಯಾರಿಗೂ ತಿಳಿಯುವುದಿಲ್ಲ. ನನ್ನ ಸಾಲು ಅಲ್ಲಿಯವರೆಗೆ ಚೆನ್ನಾಗಿ ನಡೆದದ್ದು ಹೀಗೆ. ಅವತ್ತು ಹಬ್ಬದ ರಜೆಯಲ್ಲೂ ನಾನು ಆಫೀಸಿಗೆ ಹೋಗಿದ್ದೆ, ಗಳಿಗೆಗೆ ಮೊದಲು ಆನೆ ಸುದ್ದಿ ಹೋಯಿತೋ ಇಲ್ಲವೋ ನೋಡಲು. ಹೋಗಿತ್ತು. ಪರದೆಯ ಮೇಲೆ ಸಾಲುಗಳು ಇಳಿಯುತ್ತಲೇ ಇದ್ದವು.

ದೊಡ್ಡಮ್ಮ, ಮೇಲಿನ ತೋಟ. ದೊಡ್ಡಮ್ಮ, ಶಾಲೆ ಹಿಂದೆ. ದೊಡ್ಡಮ್ಮ, ಲೈನ್ ಕೆರೆ. ದೊಡ್ಡಮ್ಮ, ಕೆಳಗದ್ದೆ. ಕಂಟ್ರಾಕ್ಟರ್, ಮೇಲಿನ ತೋಟ. ಕಂಟ್ರಾಕ್ಟರ್, ಶಾಲೆ ಹಿಂದೆ...

ಮೋಟು ಬಾಲವೂ ನಾಲ್ಕು ಕಡೆ, ಸೈಲೆಂಟೂ ನಾಲ್ಕು ಕಡೆ. "ಅಯ್ಯೋ ನಿನ್ನ!" ಎಂದು ಕಿರುಚಿದೆ. ಯಾರಿಗೆ ಹೇಳಿದೆನೋ ನನಗೇ ಗೊತ್ತಿಲ್ಲ. ನಮ್ಮೂರಿನ ಯಾವ ಮನೆಯಿಂದ ಕಲ್ಲು ಎಸೆದರೂ ಈ ನಾಲ್ಕು ಜಾಗಗಳಲ್ಲಿ ಒಂದಕ್ಕೆ ಬೀಳುತ್ತದೆ. ಹಬ್ಬದ ಶುಭಾಶಯ ನೋಡಲು ಊರಿಗೆ ಊರೇ ಬಂಡೆಯ ಮೇಲೆ ನಿಂತಿದ್ದ ಹೊತ್ತು ಬೇರೆ. ಹದಿನಾರು ಸಾಲೂ ಎಲ್ಲರಿಗೂ ಮುಟ್ಟಿತು. ಮುಟ್ಟಿದ ಕೂಡಲೇ ಎಲ್ಲರೂ ಇಳಿದು ಮನೆ ಸೇರಿ ಬಾಗಿಲು ಹಾಕಿಕೊಂಡರು.

ನಾನು ಹೆದರಿದ್ದು ಆನೆಗಲ್ಲ. ಕೊನೆಯ ಜಾಗ ಕೆಳಗದ್ದೆ. ಇನ್ನು ಅಲ್ಲಿಗೆ ನರಪಿಳ್ಳೆಯೂ ಬರುವುದಿಲ್ಲ. ಒಬ್ಬಿಬ್ಬರು ಬರುತ್ತಿದ್ದರೋ ಏನೋ, ಅವರನ್ನೂ ನಾನೇ ತಡೆದೆ. ನಾಳೆ ಬೆಳಿಗ್ಗೆ ಶುಂಠಿಯವನು ಬರುತ್ತಾನೆ.

ಕೂತು ಸರಿಮಾಡಿದೆ. ಎರಡು ಡಬ್ಬಿಗಳನ್ನು ಪಕ್ಕಪಕ್ಕ ಇಟ್ಟು ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂದು ಜೋಡಿ ಮಾಡುವ ದಾರಿಯೂ ಜೆಕ್ಯೂನಲ್ಲಿದೆ. ನಾಲ್ಕೇ ಸಾಲು ಬಂತು, ನೋಡಲು ಲಕ್ಷಣವಾಗಿತ್ತು. ದೊಡ್ಡಮ್ಮ ಮೇಲಿನ ತೋಟದಲ್ಲಿ, ಸೈಲೆಂಟ್ ಕೆಳಗದ್ದೆಯಲ್ಲಿ. ಕಳಿಸಲು ಹೋದವಳಿಗೆ ಯಾಕೋ ಮನಸ್ಸು ಒಪ್ಪಲಿಲ್ಲ. ಮರಿಯಾಗಿದ್ದಾಗಿನಿಂದ ದೊಡ್ಡಮ್ಮನ ಬಾಲ ಬಿಡದ ಸೈಲೆಂಟ್ ಒಬ್ಬನೇ ಕೆಳಗದ್ದೆಗೆ ಯಾಕೆ ಇಳಿದಾನು? ಈ ಸಲ ಕಂಪ್ಯೂಟರನ್ನು ನಂಬದೆ ಸ್ಕೂಟರ್ ಹತ್ತಿ ಸುಬೇದಾರ್ ಮಾವನ ಮನೆಗೆ ಹೋದೆ. ಎಲ್ಲ ಕಡೆ ಆನೆ ಎಂದು ನಾನೇ ಸಾರಿದ ದಾರಿಯಲ್ಲಿ ನಾನೊಬ್ಬಳೇ ಹೋಗುತ್ತಿದ್ದೆ.

ಅವರು ಜಗಲಿಯಲ್ಲಿ ಕೋವಿ ಒರೆಸುತ್ತ ಕೂತಿದ್ದರು.

"ಮಾವ, ನೀವು ಯಾವ ಲೆಕ್ಕದಲ್ಲಿ ಹೆಸರು ಹಾಕಿದ್ದು?"

"ಯಾವ ಲೆಕ್ಕ ಅಂದ್ರೆ? ಸೀನಿಯಾರಿಟಿ," ಎಂದರು. "ದೊಡ್ಡಮ್ಮ ಇರುವಾಗ ಮೋಟು ಬಾಲನ ಹೆಸರು ಮೊದ್ಲು ಬರೀಲಿಕ್ಕೆ ಆಗ್ತದಾ? ಅವಳ ಸರ್ವೀಸ್ ಎಷ್ಟು, ಇವನ ಸರ್ವೀಸ್ ಎಷ್ಟು!"

"ಜಾಗ?"

"ಜಾಗ ಮೇಲಿಂದ ಕೆಳಗೆ. ನಾನು ನಡ್ಕೊಂಡು ಬಂದ ದಾರಿ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆನೆಗಳು ಪದವಿಯ ಪ್ರಕಾರ, ಜಾಗಗಳು ಇಳಿಜಾರಿನ ಪ್ರಕಾರ. ಎರಡೂ ಅವರ ಮಟ್ಟಿಗೆ ಶಿಸ್ತೇ. ಒಂದಕ್ಕೊಂದು ಮಾತ್ರ ಸಂಬಂಧವಿಲ್ಲ. "ಹಾಗಾದ್ರೆ ಕೆಳಗದ್ದೆಲಿ ಯಾವ ಆನೆ ಮಾವ?"

"ಅಲ್ಲಿ ಎಂತ ಆನೆ? ಕೆಳಗದ್ದೆ ಕ್ಲಿಯರ್. ಕೆರೆ ಕ್ಲಿಯರ್. ಶಾಲೆ ಕ್ಲಿಯರ್. ನಾಲ್ಕೂ ಒಟ್ಟಿಗೆ ಮೇಲಿನ ತೋಟದಲ್ಲಿ ಬಿದಿರು ಮುರೀತಾ ನಿಂತಿದ್ವು."

"ಕ್ಲಿಯರ್ ಇರುವ ಜಾಗ ಯಾಕೆ ಬರೆದ್ರಿ?"

"ನೋಡಿ ಬಂದಿದ್ದೇನೆ, ಬರೀದೆ ಇರ್ಲಾ? ನೋಡದೆ ರಿಪೋರ್ಟ್ ಕೊಡುವವನಾ ನಾನು?" ಎಂದು ನನ್ನ ಮೇಲೇ ರೇಗಿದರು. ನಾನೂ ರೇಗಿದೆ. ನಾಯಿ ಇಬ್ಬರ ಮೇಲೂ ಬೊಗಳಿತು.

ಬಾಣೆಗೆ ಓಡಿ ಬಂಡೆ ಹತ್ತಿ, ನನ್ನ ಫೋನಿನಿಂದಲೇ ಸರಿಯಾದ ಸುದ್ದಿ ಎಲ್ಲರಿಗೂ ಕಳಿಸಿದೆ. ನಾಲ್ಕೂ ಆನೆ ಮೇಲಿನ ತೋಟದಲ್ಲಿ, ಬೇರೆಲ್ಲ ಕಡೆ ಏನೂ ಇಲ್ಲ, ಹೆದರಬೇಡಿ. ಮೆಸೇಜು ಹೋಯಿತು. ಹೋಗಿ ಏನು ಬಂತು? ಎಲ್ಲರ ಫೋನೂ ನೆಟ್‌ವರ್ಕಿಲ್ಲದ ಮನೆಗಳಲ್ಲಿ, ಅಗುಳಿ ಹಾಕಿದ ಬಾಗಿಲುಗಳ ಹಿಂದೆ. ಬಂಡೆಯ ಮೇಲೆ ನನ್ನ ಹೊರತು ಒಂದು ಕಾಗೆಯೂ ಇರಲಿಲ್ಲ. ಕೆಳಗೆ ಕೆಳಗದ್ದೆ ಹಳದಿಯಾಗಿ ಕಾಣುತ್ತಿತ್ತು. ಮನೆ ಮನೆಗೆ ಹೋಗಿ ಹೇಳೋಣವೆಂದರೆ ಗಳಿಗೆ ಹತ್ತಿರವಾಗುತ್ತಿತ್ತು, ಚಿಕ್ಕಮ್ಮ ಒಬ್ಬಳೇ ಇದ್ದಳು.

ಗದ್ದೆಗೆ ಇಳಿದಾಗ ಅವಳು ಬದುವಿನ ಮೇಲೆ ದೀಪ ಇಟ್ಟುಕೊಂಡು ನಿಂತಿದ್ದಳು. ಒಳ್ಳೆಯ ಸೀರೆ, ಸೊಂಟದಲ್ಲಿ ಕುಡುಗೋಲು, ಕೈಯಲ್ಲಿ ಹಾಲಿನ ಚೊಂಬು. ಚಂದ್ರ ಮೇಲೆ ಬಂದಿದ್ದ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ, ಡಬ್ಬಿ, ಬ್ರಾಕೆಟ್ಟು, ಹದಿನಾರು ಆನೆ, ಸೀನಿಯಾರಿಟಿ. "ಯಾರೂ ಬರುದಿಲ್ಲ ಚಿಕ್ಕಮ್ಮ. ನನ್ನಿಂದ" ಎಂದೆ.

ಅವಳು ದೀಪದ ಬತ್ತಿ ಸರಿಮಾಡಿದಳು. "ನಿನ್ನಿಂದ ಯಾಕೆ? ಹೋದ ವರ್ಷ ನಿನ್ನ ಮೆಸೇಜು ಇತ್ತಾ?"

ಆಗ ಬಾಣೆಯ ಕಡೆಯಿಂದ ಒಂದು ಟಾರ್ಚು ಕಂಡಿತು.

ಸುಬೇದಾರ್ ಮಾವ ಇರಬೇಕು ಎಂದುಕೊಂಡೆ. ಅದರ ಹಿಂದೆ ಇನ್ನೊಂದು. ಲೈನ್ ಮನೆಯ ಕಡೆಯಿಂದ ಒಂದು ಗುಂಪು, ತಟ್ಟೆ ಡಬ್ಬ ಬಡಿಯುತ್ತ. ಶಾಲೆಯ ಕಡೆಯಿಂದ ಮತ್ತೊಂದು, ನಡುವೆ ಕೋವಿ ಹಿಡಿದವರು, ಮಕ್ಕಳು, ಕೋಲೂರಿಕೊಂಡು ಒಬ್ಬರು ಅಜ್ಜಿ. ನಾಲ್ಕು ಕಡೆಯಿಂದಲೂ ಬೆಳಕು ಇಳಿಯತೊಡಗಿತು. ನಾನು ಕಣ್ಣುಜ್ಜಿಕೊಂಡೆ. ಚಿಕ್ಕಮ್ಮ ಚೊಂಬನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು, ಅಷ್ಟೇ.

ಮೊದಲು ಬಂದದ್ದು ಪಕ್ಕದ ಮನೆಯ ಅಕ್ಕ. ಪೇಟೆಯ ಮಂಟಪಕ್ಕೆ ಹೋಗಲು ಇಸ್ತ್ರಿ ಮಾಡಿಸಿದ ಸೀರೆ ಉಟ್ಟಿದ್ದವಳು ಅದನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಕೆಸರಿನಲ್ಲಿ ನಿಂತಿದ್ದಳು. "ನೀವು ಹೆದರಿಲ್ವಾ ಅಕ್ಕ?" ಎಂದು ಕೇಳಿದೆ.

"ಹೆದರದೆ? ನಿನ್ನ ಮೆಸೇಜು ನೋಡಿ ಜೀವ ಬಾಯಿಗೆ ಬಂದಿತ್ತು," ಎಂದಳು. "ಪೇಟೆಗೆ ಹೋಗುವಾ ಅಂದ್ರೆ ಶಾಲೆ ಹಿಂದೆ ನಾಲ್ಕು ಆನೆ. ಮನೇಲೇ ಇರುವಾ ಅಂದ್ರೆ ಕೆರೆ ಹತ್ರ ನಾಲ್ಕು ಆನೆ, ನಮ್ಮ ಹಿತ್ತಿಲಿಗೂ ಕೆರೆಗೂ ಎಷ್ಟು ದೂರ? ಇಲ್ಲಿಯೂ ನಾಲ್ಕು. ಎಲ್ಲಿ ಹೋದ್ರೂ ನಾಲ್ಕೇ ಅಂದ ಮೇಲೆ ಒಬ್ಬೊಬ್ಬರೇ ಕೂತು ಸಾಯುದ್ಯಾಕೆ? ಇಲ್ಲಾದ್ರೆ ಕೋವಿ ಉಂಟು, ಜನ ಬರ್ತಾರೆ ಅಂತ ಬಂದ್ವು."

ಅವಳ ಮನೆಯವರು ಹಾಗೆ ಯೋಚಿಸಿದ ಹೊತ್ತಿಗೇ ಉಳಿದ ಮನೆಯವರೂ ಹಾಗೆಯೇ ಯೋಚಿಸಿದ್ದರು. ನನ್ನ ಬಾಯಿಯ ತುದಿಯಲ್ಲಿ ನಿಜ ಇತ್ತು. ಹೇಳಿದರೆ ಕಾರು ಇರುವವರು ಈಗಲೂ ಪೇಟೆಗೆ ಹೋಗಿ ಬರಬಹುದಿತ್ತು. ಸುಬೇದಾರ್ ಮಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಇಬ್ಬರೂ ಚಂದ್ರನನ್ನು ನೋಡಿದೆವು.

"ಗಳಿಗೆ ಆಯ್ತು" ಎಂದಳು ಚಿಕ್ಕಮ್ಮ.

ಹಾಲು ಎರೆದಳು, ಜೇನು ಎರೆದಳು. ಕೋವಿ ಢಮ್ಮೆಂದಿತು. ಹೆದರಿಕೊಂಡು ಬಂದ ಜನ ಕೂಗುವುದೆಂದರೆ ಹೇಗಿರುತ್ತದೆ ಗೊತ್ತೇ? ಆನೆ ಓಡಲಿ ಎಂದು ಒಂದಿಷ್ಟು, ದೇವರಿಗೆ ಒಂದಿಷ್ಟು, ಎರಡೂ ಸೇರಿ "ಪೊಲಿ ಪೊಲಿ ದೇವಾ" ಎಂದು ಎಬ್ಬಿಸಿದ ಗದ್ದಲಕ್ಕೆ ಎದುರಿನ ಗುಡ್ಡ ತಿರುಗಿ ಕೂಗಿತು. ಮೊದಲ ಹಿಡಿ ಚಿಕ್ಕಮ್ಮ ಕೊಯ್ದಳು. ಆಮೇಲೆ ಸಾಲು ಹಚ್ಚಿ ಒಬ್ಬೊಬ್ಬರಾಗಿ ಕೊಯ್ದರು. ಕುಡುಗೋಲು ಹಿಡಿಯಲು ಬಾರದವರಿಗೆಲ್ಲ ಅವಳು ಕೈಹಿಡಿದು ತೋರಿಸಿದಳು, "ಹಾಗಲ್ಲ, ಬೆರಳು ಹೋಗ್ತದೆ" ಎಂದು ಬೈದಳು. ಆ ಬೈಗುಳ ಕೇಳಿ ನನ್ನ ಕಣ್ಣು ತುಂಬಿತು, ಯಾರೂ ನೋಡಲಿಲ್ಲ.

ಕದಿರು ಹೊತ್ತು ಎಲ್ಲರೂ ನಮ್ಮ ಅಂಗಳಕ್ಕೆ ಬಂದರು. ಅಲ್ಲೊಂದು ಪೇಚು. ಯಾರೂ ಬರುವುದಿಲ್ಲವೆಂದು ಹಟ ಹಿಡಿದು ಚಿಕ್ಕಮ್ಮ ಈ ಸಲ ತಂಬಿಟ್ಟನ್ನು ಒಂದು ಸಣ್ಣ ಬಟ್ಟಲಿನಷ್ಟೇ ಕಲಸಿದ್ದಳು. ಊರಿಗೆ ಊರೇ ಬಂದು ಕೂತಿದೆ! ಒಬ್ಬೊಬ್ಬರಿಗೆ ಉಗುರಿನಷ್ಟು ಬಂತು. ನೆಕ್ಕಿಕೊಂಡು ತಿಂದರು, ಕಾಫಿ ಕುಡಿದರು, ಆದರೆ ಏಳುವವರಿಲ್ಲ. ಕತ್ತಲಲ್ಲಿ ಹನ್ನೆರಡು ಸುಳ್ಳು ಆನೆಗಳ ನಡುವೆ ಮನೆಗೆ ಹೋಗುವವರು ಯಾರು? ಮನೆಗಳಲ್ಲಿ ಕದಿರು ಕಟ್ಟುವ ಶಾಸ್ತ್ರ ಬಾಕಿ ಇತ್ತು. ಕೊನೆಗೆ ಸುಬೇದಾರ್ ಮಾವ ಎದ್ದು ನಿಂತು ಪೆರೇಡಿನ ದನಿಯಲ್ಲಿ ಹೇಳಿಬಿಟ್ಟರು. "ಎಲ್ಲ ಕೇಳಿ! ನಾಲ್ಕೂ ಆನೆ ಮೇಲಿನ ತೋಟದಲ್ಲಿ. ದಾರಿಯೆಲ್ಲ ಕ್ಲಿಯರ್. ಬಾಕಿ ಹನ್ನೆರಡು ಆನೆ ನಮ್ಮ ರೈಟರ್ ಕಂಪ್ಯೂಟರಲ್ಲಿ ಮಾಡಿದ್ದು!"

ಮೊದಲು ಕೋಲೂರಿಕೊಂಡು ಬಂದ ಅಜ್ಜಿ ನಕ್ಕರು. ಅವರು ನಕ್ಕದ್ದೇ ತಡ, ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. "ಎಂತ ಮಾರಾಯ್ತಿ, ನನ್ನ ಹೊಸ ಸೀರೆ ಹಾಳಾಯ್ತಲ್ಲ" ಎಂದು ಪಕ್ಕದ ಮನೆಯ ಅಕ್ಕ ನನ್ನ ಬೆನ್ನಿಗೆ ಗುದ್ದಿದಳು. ನಗುತ್ತಲೇ ಎದ್ದು, ಕದಿರು ಹಿಡಿದು, ಟಾರ್ಚು ಹೊತ್ತಿಸಿ ಹೊರಟರು. ಚಿಕ್ಕಮ್ಮ ಮಾತ್ರ ನಗಲಿಲ್ಲ. ಖಾಲಿ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಆನೆಗೆ ಹೆದರಿ ಬಂದರು ಎಂದು ಈಗ ಎಲ್ಲರ ಬಾಯಲ್ಲೂ ಕೇಳಿದ್ದಳಲ್ಲ. ನನಗೆ ಸುಬೇದಾರ್ ಮಾವನ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು.

ಬೆಳಿಗ್ಗೆ ಶುಂಠಿಯವನ ಜೀಪು ಬಂತು. ಚಿಕ್ಕಮ್ಮ ಗದ್ದೆಯ ಬದುವಿನಲ್ಲಿ ನಿಂತಿದ್ದಳು, ನಾನು ಅವಳ ಹಿಂದೆ. ಗದ್ದೆಯಲ್ಲಿ ರಾತ್ರಿ ಕೊಯ್ದ ಕಡೆಯೆಲ್ಲ ಹಲ್ಲು ಬಿದ್ದ ಬಾಯಿಯ ಹಾಗೆ ಸಂದುಗಳು. ಕೆಸರಿನಲ್ಲಿ ದೊಡ್ಡ ಹೆಜ್ಜೆ, ಚಿಕ್ಕ ಹೆಜ್ಜೆ, ಯಾರದೋ ಕಳಚಿಹೋದ ಒಂದು ಚಪ್ಪಲಿ.

"ಅಮ್ಮಾ, ನಮ್ದು ವಿಷಯ ಎಂತಾಯ್ತು?" ಎಂದ ಅವನು. "ಜನ ಬಂದ್ರಾ?"

"ಬಂದ್ರು" ಎಂದಳು.

"ಓ. ಹಬ್ಬ ಜೋರಾ?"

"ಹೆದರಿಕೊಂಡು ಬಂದ್ರು. ಹೋಗುವಾಗ ನಗಾಡಿಕೊಂಡು ಹೋದ್ರು."

ಅವನಿಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಚಿಕ್ಕಮ್ಮ ಬಗ್ಗಿ, ಆ ಚಪ್ಪಲಿಯನ್ನು ಕೆಸರಿನಿಂದ ಕಿತ್ತು, ತೋಡಿನ ನೀರಿನಲ್ಲಿ ತೊಳೆದು, ಬದುವಿನ ಮೇಲೆ ಒಣಗಲು ಇಟ್ಟಳು. "ಗದ್ದೆ ಇಲ್ಲಪ್ಪ," ಎಂದಳು. "ಬರೋ ವರ್ಷಕ್ಕೂ ನಂಗೇ ಬೇಕು."

ಜೀಪು ತಿರುಗಿ ಹೋದ ಮೇಲೆ ಅವಳನ್ನು ಹಿಡಿದು ಕುಣಿಸುವಷ್ಟು ಖುಷಿಯಾಗಿ ಹತ್ತಿರ ಹೋದೆ. ಅವಳು ನನ್ನ ಕಡೆ ತಿರುಗಿದಳು. ಮುಖದಲ್ಲಿ ನಗುವಿರಲಿಲ್ಲ.

"ಬರೋ ವರ್ಷ ನಿನ್ನ ಕಂಪ್ಯೂಟರಲ್ಲಿ ಸರಿಯಾದ್ದೇ ಕಳ್ಸು," ಎಂದಳು. "ಆನೆ ಎಲ್ಲೂ ಇಲ್ಲ, ದಾರಿಯೆಲ್ಲ ಚೆನ್ನಾಗುಂಟು, ಕೆಳಗದ್ದೆಲಿ ಹುತ್ತರಿ ಅಂತ. ಆಗ ಯಾರು ಬರ್ತಾರೆ, ನಂಗೆ ನೋಡ್ಬೇಕು."